ವೈಟ್ ನದಿಯ ಕಣಿವೆಯಲ್ಲಿ ಎಲ್ಕ್ ಜಾಡು

ಅಮೆರಿಕದ ಮೊಂಟಾನಾ ರಾಜ್ಯದ ಬಹುಭಾಗದಲ್ಲಿ ಬಂದೂಕು ಹಿಡಿದು ಎಲ್ಕ್ ಬೇಟೆಗೆ ಹೊರಡಬೇಕಾದರೆ ಅಕ್ಟೋಬರ್ ತಿಂಗಳ ಕೊನೆಯ ಭಾಗದವರೆಗೆ ಕಾಯಬೇಕು. ಬಾಬ್ ಮಾರ್ಷಲ್ ವನ್ಯಪ್ರದೇಶದ ಒಳಗಿನ ಕೆಲವು ಬೇಟೆ ವಲಯಗಳಲ್ಲಿ ಮಾತ್ರ ಆ ಅವಕಾಶ ಸೆಪ್ಟೆಂಬರ್ 15ಕ್ಕೇ ಸಿಗುತ್ತದೆ. ಅದು ಎಲ್ಕ್‌ಗಳು ಬೆದೆಗೆ ಬರುವ, ಗಂಡುಗಳು ಬೆಟ್ಟದಿಂದ ಬೆಟ್ಟಕ್ಕೆ ಕೇಳುವಂತೆ ಕೂಗುವ ಕಾಲ. ನಮ್ಮ ಕಡವೆಗಿಂತಲೂ ದೊಡ್ಡದಾದ ಈ ಪ್ರಾಣಿಯ ಬೆಳೆದ ಗಂಡು 300 ಕಿಲೋಗೂ ಮೀರಿ ತೂಗುತ್ತದೆ. ರಸ್ತೆಯೇ ಇಲ್ಲದ ನೆಲದಲ್ಲಿ ಅಂಥ ಪ್ರಾಣಿಯನ್ನು ಹೊಡೆಯುವ ಮನಸ್ಸಿರುವವನು ಮೊದಲು ಆ ನೆಲವನ್ನು ನಡೆದು ನೋಡಿ ಬರಬೇಕು.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆ ಅಪರಾಧವಾಗಿರುವುದರಿಂದ ಕನ್ನಡದ ಓದುಗರಿಗೆ ಇಲ್ಲಿನ ಪದ್ಧತಿ ಅಪರಿಚಿತವೆನಿಸಬಹುದು. ಇಲ್ಲಿ ಬೇಟೆಯ ಕಾಲ, ವಲಯ, ಹೊಡೆಯಬಹುದಾದ ಪ್ರಾಣಿ ಎಲ್ಲವನ್ನೂ ಸರಕಾರ ವರ್ಷವರ್ಷವೂ ಗೊತ್ತುಪಡಿಸುತ್ತದೆ. ಬಂದೂಕು ಮತ್ತು ಮದ್ದುಗುಂಡುಗಳ ಮೇಲೆ 1937ರ ಕಾಯ್ದೆಯಂತೆ ವಿಧಿಸುವ ತೆರಿಗೆ ವನ್ಯಜೀವಿಗಳ ನಿರ್ವಹಣೆಗೆ ಸಲ್ಲುತ್ತದೆ. ಹೊಡೆದ ಪ್ರಾಣಿಯ ತಿನ್ನಬಹುದಾದ ಮಾಂಸವನ್ನು ಕಾಡಿನಲ್ಲಿ ಹಾಳುಗೆಡವುವುದು ಶಿಕ್ಷಾರ್ಹ ಅಪರಾಧ. ಈ ಕೊನೆಯ ನಿಯಮ ಇಲ್ಲದಿದ್ದರೂ ನಾನು ಅದನ್ನು ಪಾಲಿಸುತ್ತಿದ್ದೆ. ಆಗಸ್ಟ್ ಕೊನೆಯ ವಾರದಲ್ಲಿ, ಬಂದೂಕಿಲ್ಲದೆ, ದುರ್ಬೀನು ಮತ್ತು ನಕ್ಷೆ ಹಿಡಿದು ನಾವಿಬ್ಬರು ಹೊರಟದ್ದು ಎಲ್ಕ್ ಇರುವ ಜಾಗವನ್ನು ಹುಡುಕುವುದಕ್ಕೆ ಎಷ್ಟೋ, ಅಲ್ಲಿಂದ ಮಾಂಸವನ್ನು ಕೆಡದಂತೆ ಹೊರಗೆ ತರುವ ದಾರಿಯನ್ನು ಹುಡುಕುವುದಕ್ಕೂ ಅಷ್ಟೇ.

ಮೊದಲ ದಿನ

ಅಗಸ್ಟಾ ಎಂಬ ಪುಟ್ಟ ಊರಿನಿಂದ ಪಶ್ಚಿಮಕ್ಕೆ ಹೋಗುವ ಜಲ್ಲಿ ರಸ್ತೆ ಬೆಂಚ್‌ಮಾರ್ಕ್ ಎಂಬಲ್ಲಿ ಮುಗಿಯುತ್ತದೆ. ಅಲ್ಲಿಂದ ಮುಂದೆ ಸ್ವಂತ ಕಾಲು, ಇಲ್ಲವೇ ಕುದುರೆ ಮತ್ತು ಹೇಸರಗತ್ತೆ. 1964ರ ವನ್ಯಪ್ರದೇಶ ಕಾಯ್ದೆಯ ರಕ್ಷಣೆ ಪಡೆದಿರುವ ಈ ಸುಮಾರು 10 ಲಕ್ಷ ಎಕರೆ ಕಾಡಿಗೆ, 1939ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಅರಣ್ಯಾಧಿಕಾರಿ ಬಾಬ್ ಮಾರ್ಷಲ್ ಅವರ ಹೆಸರಿಟ್ಟಿದ್ದಾರೆ. ಇಲ್ಲಿ ಮೋಟಾರು ವಾಹನವಿರಲಿ, ಸೈಕಲ್ಲಿಗೂ ಪ್ರವೇಶವಿಲ್ಲ. ದಾರಿಗೆ ಅಡ್ಡ ಬಿದ್ದ ಮರಗಳನ್ನು ಸಹ ಯಂತ್ರದ ಗರಗಸದಿಂದ ಕೊಯ್ಯುವಂತಿಲ್ಲವಾದ್ದರಿಂದ, ಇಬ್ಬರು ಎರಡು ತುದಿ ಹಿಡಿದು ಎಳೆಯುವ ಉದ್ದ ಗರಗಸದಿಂದಲೇ ಅರಣ್ಯ ಸೇವೆಯ ಕೆಲಸಗಾರರು ಪ್ರತಿ ಬೇಸಿಗೆಯಲ್ಲೂ ದಾರಿ ಬಿಡಿಸುತ್ತಾರೆ. ಈ ವರ್ಷ ಕೊಯ್ದ ತುಂಡುಗಳ ಮುಖದಲ್ಲಿ ಅಂಟು ಇನ್ನೂ ಹಳದಿಯಾಗಿ ಒಸರುತ್ತಿತ್ತು. ಜೊತೆಗಾರರು ಅಂಥ ಪ್ರತಿಯೊಂದು ತುಂಡಿನ ಬಳಿಯೂ ನಿಂತು, ಹೊರೆ ಹೊತ್ತ ಹೇಸರಗತ್ತೆ ಆ ಸಂದಿನಲ್ಲಿ ತೂರಬಲ್ಲುದೇ ಎಂದು ಕೈ ಚಾಚಿ ಅಳೆದು ನೋಡುತ್ತಿದ್ದರು. ಈ ಕಾಡಿನ ಅಂಚಿನಲ್ಲೇ ಹುಟ್ಟಿ ಬೆಳೆದ, ನನಗಿಂತ ಬಹಳ ಹಿರಿಯರಾದ ಬೇಟೆಗಾರರು ಅವರು. ಅವರು ನಕ್ಷೆಯನ್ನು ಬಿಚ್ಚಿದ್ದನ್ನು ನಾನು ಕಂಡದ್ದು ಕಡಿಮೆ.

ಸನ್ ನದಿಯ ದಕ್ಷಿಣ ಕವಲಿನ ಗುಂಟ ದಾರಿ ಉತ್ತರಕ್ಕೆ ಸಾಗುತ್ತದೆ. 2007ರ ಅಹಾರ್ನ್ ಬೆಂಕಿ ಈ ಭಾಗವನ್ನು ಸುಟ್ಟುಹಾಕಿತ್ತು. ಬೂದು ಬಣ್ಣಕ್ಕೆ ತಿರುಗಿದ ಒಣಮರಗಳು ಕೆಲವೆಡೆ ಇನ್ನೂ ನಿಂತಿವೆ, ಕೆಲವೆಡೆ ಒಂದರ ಮೇಲೊಂದು ಉರುಳಿ ಬಿದ್ದಿವೆ, ನಡುವೆ ಲಾಡ್ಜ್‌ಪೋಲ್ ಪೈನ್ ಸಸಿಗಳು ಆಳೆತ್ತರ ಮೀರಿ ಒತ್ತೊತ್ತಾಗಿ ಬೆಳೆದಿವೆ. ಬಿಸಿಲು ಬೀಳುವಂತಾದುದರಿಂದ ಹುಲ್ಲು ಹುಲುಸಾಗಿದ್ದು, ಎಲ್ಕ್‌ಗೆ ಅದು ಒಳ್ಳೆಯ ಮೇವು. ಆದರೆ ಅಡ್ಡಾದಿಡ್ಡಿ ಬಿದ್ದ ಮರಗಳ ನಡುವೆ ಮಾಂಸದ ಹೊರೆ ಹೊತ್ತು ನಡೆಯಬೇಕಾದವನಿಗೆ ಆ ನೆಲ ಕಾಲು ಮುರಿಯುವ ನೆಲ. ಮೇವು ಒಳ್ಳೆಯದಿದ್ದು ದಾರಿ ಕೆಟ್ಟದಾಗಿರುವ ಜಾಗಗಳನ್ನು ನಕ್ಷೆಯಲ್ಲಿ ಕೆಂಪು ಪೆನ್ಸಿಲಿನಿಂದ ಗುರುತಿಸುತ್ತಾ ಹೋದೆ.

ಸಂಜೆ ಪಶ್ಚಿಮ ಕವಲಿನ ಸೇತುವೆ ದಾಟಿ ಬಿಡಾರ ಹೂಡಿದೆವು. ಅಡುಗೆ ಮುಗಿಸಿದ ಮೇಲೆ ಆಹಾರವನ್ನೂ ಸುವಾಸನೆಯಿರುವ ಪ್ರತಿಯೊಂದು ವಸ್ತುವನ್ನೂ ಚೀಲಕ್ಕೆ ತುಂಬಿ, ನೆಲದಿಂದ 10 ಅಡಿ ಎತ್ತರದಲ್ಲಿ, ಮರದ ಕಾಂಡದಿಂದ 4 ಅಡಿ ದೂರದಲ್ಲಿ ತೂಗುವಂತೆ ಹಗ್ಗದಿಂದ ಏರಿಸಿದೆವು. ಈ ಪರ್ವತ ಶ್ರೇಣಿಯಲ್ಲಿ ಸುಮಾರು 1,000 ಗ್ರಿಜ್ಲಿ ಕರಡಿಗಳಿವೆ, ಆಹಾರವನ್ನು ಅವುಗಳಿಗೆ ಎಟುಕದಂತೆ ಇಡುವುದು ಇಲ್ಲಿ ಕಡ್ಡಾಯ. ಸೆಪ್ಟೆಂಬರಿನಲ್ಲಿ ಇದೇ ಹಗ್ಗದಲ್ಲಿ ಮಾಂಸದ ಚೀಲಗಳನ್ನು ಏರಿಸಬೇಕಾಗುತ್ತದೆ. ಆದ್ದರಿಂದ ಕೊಂಬೆ ಎಷ್ಟು ಭಾರ ತಾಳುತ್ತದೆ ಎಂಬುದನ್ನೂ ಪರೀಕ್ಷಿಸಿ ನೋಡಿದೆವು.

ಎರಡನೆಯ ದಿನ

ಇಂಡಿಯನ್ ಪಾಯಿಂಟ್‌ನ ಹುಲ್ಲುಗಾವಲಿಗೆ ತಲುಪುವ ಹೊತ್ತಿಗೆ ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಹುಲ್ಲಿನ ಆಚೆ ಬದಿಯಲ್ಲಿ ಹೆಣ್ಣೆಲ್ಕ್‌ಗಳ ದೊಡ್ಡದೊಂದು ಹಿಂಡು ಮರಿಗಳ ಸಮೇತ ಮೇಯುತ್ತಿತ್ತು. ನಮ್ಮನ್ನು ಕಂಡು ತಲೆ ಎತ್ತಿದವೇ ಹೊರತು ಓಡಲಿಲ್ಲ. ಓಡದಿರುವುದಕ್ಕೆ ಕಾರಣವಿದೆ. ನದಿಗಳ ನೀರು ಪೂರ್ವಕ್ಕೂ ಪಶ್ಚಿಮಕ್ಕೂ ಬೇರೆಯಾಗುವ ಖಂಡದ ಜಲವಿಭಾಜಕ ರೇಖೆಯಿಂದ ಪೂರ್ವಕ್ಕಿರುವ ಈ ನೆಲ ಸನ್ ನದಿ ಪ್ರಾಣಿ ರಕ್ಷಣಾ ವಲಯಕ್ಕೆ ಸೇರಿದ್ದು, ಎಲ್ಕ್ ಸಂತತಿ ಕುಸಿದಿದ್ದ ಕಾಲದಲ್ಲಿ, 1913ರಲ್ಲಿ, ಮೊಂಟಾನಾದ ಶಾಸನಸಭೆ ಇಲ್ಲಿ ಬೇಟೆಯನ್ನು ನಿಷೇಧಿಸಿತು. ಆ ನಿಷೇಧ ಇಂದಿಗೂ ಜಾರಿಯಲ್ಲಿದೆ. ಈ ಹಿಂಡುಗಳು ಚಳಿಗಾಲಕ್ಕೆ ಪೂರ್ವದ ತಪ್ಪಲಿಗೆ ಇಳಿಯುತ್ತವೆ, ಅಲ್ಲಿಯೂ ಅವುಗಳ ಮೇವಿಗೆಂದೇ ಕಾದಿರಿಸಿದ ನೆಲವಿದೆ. ನಾವು ಬೇಟೆಗೆ ಬರುವ ಜಾಗವಲ್ಲವಾದರೂ ಅರ್ಧ ಗಂಟೆ ಅಲ್ಲೇ ಕುಳಿತು ನೋಡಿದೆ. ಬೇಟೆಯಾಡಲು ಇಂದು ನಮಗೆ ಎಲ್ಕ್‌ಗಳು ಉಳಿದಿರುವುದರಲ್ಲಿ, ಬೇಟೆಯಾಡಬಾರದೆಂದು ಅಂದು ಯಾರೋ ಗೆರೆ ಎಳೆದದ್ದರ ಪಾಲು ದೊಡ್ಡದು.

ಅಲ್ಲಿಂದ ವೈಟ್ ರಿವರ್ ಪಾಸ್ ಎಂಬ, ಬೆಟ್ಟಸಾಲನ್ನು ದಾಟುವ ಕಣಿವೆಮುಖಕ್ಕೆ ಏರುದಾರಿ. ಬೆನ್ನ ಮೇಲಿನ ಹೊರೆ ಆ ಏರಿನಲ್ಲಿ ಚೆನ್ನಾಗಿಯೇ ಕಾಡಿತು. ಕಣಿವೆಮುಖದ ನೆತ್ತಿಯಲ್ಲಿ ನಿಂತಾಗ ಹಿಂದಿನ ನೀರು ಮಿಸೌರಿ ನದಿಯ ಕಡೆಗೂ ಮುಂದಿನ ನೀರು ಕೊಲಂಬಿಯಾ ನದಿಯ ಮೂಲಕ ಪೆಸಿಫಿಕ್ ಸಾಗರಕ್ಕೂ ಹರಿಯುತ್ತವೆ. ಇಲ್ಲಿಂದ ಉತ್ತರಕ್ಕೆ ಜಲವಿಭಾಜಕದ ಮೇಲೆ ಚೈನೀಸ್ ವಾಲ್ ಎಂಬ ಸುಣ್ಣಕಲ್ಲಿನ ಗೋಡೆ ಇದೆ. ಸುಮಾರು 1,000 ಅಡಿ ಎತ್ತರದ ಆ ಗೋಡೆ ಪೂರ್ವಕ್ಕೆ ಕಡಿದಾಗಿ ನಿಂತು, ಪಶ್ಚಿಮಕ್ಕೆ ಓರೆಯಾಗಿ ಇಳಿಯುತ್ತಾ 35 ಕಿಲೋಮೀಟರಿನಷ್ಟು ಉದ್ದಕ್ಕೆ ಹಬ್ಬಿದೆ. ಗೋಡೆ ಇರುವಲ್ಲಿ ಎಲ್ಕ್ ದಾಟಲಾರದು, ಇಂಥ ಕಣಿವೆಮುಖಗಳಲ್ಲೇ ದಾಟಬೇಕು. ಪಾಸ್‌ನ ಒದ್ದೆ ಮಣ್ಣಿನಲ್ಲಿ ಎರಡು ದಿಕ್ಕಿಗೂ ಹೆಜ್ಜೆ ಗುರುತುಗಳಿದ್ದವು. ಅಂಚು ಕುಸಿಯದೆ ಹರಿತವಾಗಿದ್ದ ಕೆಲವು ಅಂದಿನ ಬೆಳಗಿನವೇ ಆಗಿರಬೇಕು. ಅವುಗಳ ಜೊತೆ ಪುಟ್ಟ ಗೊರಸುಗಳೂ ಇದ್ದುದರಿಂದ ತಾಯಿ ಮರಿಗಳು ಹಾದು ಹೋಗಿವೆಯೆಂದು ತಿಳಿಯಿತು.

ರೇಖೆಯ ಪಶ್ಚಿಮಕ್ಕೆ ಇಳಿದರೆ ನಮ್ಮ ಬೇಟೆ ವಲಯ. ಕತ್ತಲಾಗುವ ಮುನ್ನ ವೈಟ್ ನದಿಯ ದಕ್ಷಿಣ ಕವಲಿನ ದಡದಲ್ಲಿ, ಎಲ್ಕ್‌ಗಳು ಮೇಯುವ ಇಳಿಜಾರುಗಳಿಂದ ಸಾಕಷ್ಟು ದೂರದಲ್ಲಿ ಡೇರೆ ಹಾಕಿದೆವು. ಬೆಂಕಿ ಹೊತ್ತಿಸಲಿಲ್ಲ.

ಮೂರನೆಯ ದಿನ

ನಸುಕಿನಲ್ಲೇ ಎದ್ದು ಒಂದು ಬೋಳು ದಿಣ್ಣೆ ಏರಿ, ಬಂಡೆಯ ಮರೆಯಲ್ಲಿ ಮುಕ್ಕಾಲಿ ನಿಲ್ಲಿಸಿ, ಒಂದೇ ಕಣ್ಣಿನಿಂದ ನೋಡುವ ದೂರದರ್ಶಕವಾದ ಸ್ಪಾಟಿಂಗ್ ಸ್ಕೋಪ್ ಬಿಗಿದೆವು. ಮೊದಲು ದುರ್ಬೀನಿನಿಂದ ಇಳಿಜಾರುಗಳನ್ನು ಪಟ್ಟೆಪಟ್ಟೆಯಾಗಿ ಎಡದಿಂದ ಬಲಕ್ಕೆ ನೋಡುತ್ತಾ ಬರುವುದು, ಕಣ್ಣಿಗೆ ಏನಾದರೂ ತಾಗಿದರೆ ಸ್ಕೋಪಿನಲ್ಲಿ ಪರೀಕ್ಷಿಸುವುದು ಕ್ರಮ. ಇಡೀ ಪ್ರಾಣಿಯನ್ನು ಹುಡುಕುವವನಿಗೆ ಪ್ರಾಣಿ ಕಾಣುವುದಿಲ್ಲ. ಕಾಡಿನ ನೇರ ಗೆರೆಗಳ ನಡುವೆ ಒಂದು ಅಡ್ಡಗೆರೆ, ಕಡು ಹಸಿರಿನಲ್ಲಿ ಒಂದು ತಿಳಿ ಕಂದು ತೇಪೆ, ಬಾಲದ ಸುತ್ತಲಿನ ಮಾಸಲು ಬಿಳುಪು, ಇಂಥವನ್ನು ಹುಡುಕಬೇಕು. ಎಲ್ಕ್ ಮೇವಿನ ನೆಲದಲ್ಲಿರುವುದು ಬೆಳಗಿನ ಮೊದಲ ಒಂದೆರಡು ಗಂಟೆ ಮತ್ತು ಸಂಜೆಯ ಕೊನೆಯ ಒಂದೆರಡು ಗಂಟೆ. ಬಿಸಿಲೇರಿದ ಮೇಲೆ ಅವು ಬೆಟ್ಟದ ಉತ್ತರ ಮಗ್ಗುಲಿನ ತಂಪಾದ ದಟ್ಟ ಕಾಡಿಗೆ ಸರಿದು ಮಲಗುತ್ತವೆ.

ಬೆಳಕು ಹರಿದು ಸ್ವಲ್ಪ ಹೊತ್ತಿಗೆ, ಮರಗಳ ಗಡಿ ಮುಗಿಯುವ ಎತ್ತರದಲ್ಲಿ, ಬಂಡೆಗಳು ಸುತ್ತುವರಿದ ತಗ್ಗೊಂದರಲ್ಲಿ ನಾಲ್ಕು ಗಂಡುಗಳು ಕಂಡವು. ಅವುಗಳಲ್ಲಿ ಒಂದರ ಕೊಂಬುಗಳು ಬೆನ್ನಿನ ಅರ್ಧದವರೆಗೂ ಹಿಂದಕ್ಕೆ ಬಾಗಿದ್ದವು. ಪ್ರತಿ ಬದಿಗೂ ಆರು ಕವಲು, ಹಣೆಯ ಬಳಿಯ ಕವಲುಗಳು ಮೂತಿಯ ಕಡೆಗೆ ಬಾಗಿ ನೀಳವಾಗಿದ್ದವು. ಮೊಂಟಾನಾದ ಅನೇಕ ವಲಯಗಳಲ್ಲಿ ಹೊಡೆಯಬಹುದಾದ ಗಂಡಿಗೆ ಕೊಂಬಿನ ಕೆಳಗಿನ ಅರ್ಧದಲ್ಲಿ ಕನಿಷ್ಠ 4 ಅಂಗುಲದ ಕವಲು ಇರಲೇಬೇಕು ಎಂಬ ನಿಯಮವಿದ್ದು, ಈ ಪ್ರಾಣಿಯ ವಿಷಯದಲ್ಲಿ ಅಳೆಯುವ ಪ್ರಶ್ನೆಯೇ ಇರಲಿಲ್ಲ. ಬೇಸಿಗೆಯುದ್ದಕ್ಕೂ ಕೊಂಬನ್ನು ಪೋಷಿಸಿದ್ದ ಮಖಮಲ್ಲಿನಂಥ ಚರ್ಮ ಆಗಲೇ ಸುಲಿದು ಹೋಗಿ, ಹಸಿ ಮೂಳೆಯ ಮೇಲೆ ರಕ್ತ ಒಣಗಿದ ಕೆಂಗಂದು ಬಣ್ಣವಿತ್ತು. ಎಡಗೊಂಬಿನ ಬುಡದಿಂದ ಸುಲಿಯದೆ ಉಳಿದ ಚರ್ಮದ ಒಂದು ಪಟ್ಟಿ ಕಣ್ಣಿನ ಪಕ್ಕದಲ್ಲಿ ಜೋತಾಡುತ್ತಿತ್ತು. ಅದು ತಲೆ ತಗ್ಗಿಸಿ ಕುಬ್ಜ ಫರ್ ಗಿಡವೊಂದಕ್ಕೆ ಕೊಂಬನ್ನು ತಿಕ್ಕಿದಾಗಲೆಲ್ಲ ಗಿಡ ಬುಡಸಹಿತ ಅಲುಗಾಡುತ್ತಿತ್ತು. ಶಬ್ದ ನಮ್ಮವರೆಗೆ ತಲುಪುವಷ್ಟು ಹತ್ತಿರವಿರಲಿಲ್ಲ. ನಾನು ಸ್ಕೋಪಿನಿಂದ ಕಣ್ಣು ಕೀಳಲಾಗದೆ ಬಹಳ ಹೊತ್ತು ನೋಡಿದೆ. ಅಷ್ಟು ಭವ್ಯವಾದ ಪ್ರಾಣಿಯನ್ನು ಕಂಡದ್ದೇ ಒಂದು ಭಾಗ್ಯವೆಂದು ಈಗಲೂ ಅನ್ನಿಸುತ್ತದೆ.

ಜೊತೆಗಾರರು ಒಮ್ಮೆ ನೋಡಿ ಸ್ಕೋಪನ್ನು ನನಗೇ ಬಿಟ್ಟುಕೊಟ್ಟರು. "ಚೆನ್ನಾಗಿ ನೋಡಿಕೋ. ಸೆಪ್ಟೆಂಬರ್ 15ಕ್ಕೆ ಅದು ಅಲ್ಲಿರುವುದಿಲ್ಲ. ಹೆಣ್ಣುಗಳು ಎಲ್ಲಿವೆ ಎಂದು ಹುಡುಕು" ಎಂದರು.

ಅವರ ಮಾತು ಎಲ್ಕ್‌ನ ಸ್ವಭಾವವನ್ನು ಬಲ್ಲವರೆಲ್ಲರೂ ಒಪ್ಪುವಂಥದ್ದು. ಬೇಸಿಗೆಯಲ್ಲಿ ಗಂಡುಗಳು ಸಣ್ಣ ಗುಂಪುಗಳಾಗಿ ಎತ್ತರದಲ್ಲಿ ಉಳಿಯುತ್ತವೆ. ಬೆದೆಯ ಕಾಲ ಬಂದೊಡನೆ ಆ ಗುಂಪು ಒಡೆದು, ಪ್ರತಿಯೊಂದೂ ಹೆಣ್ಣುಗಳ ಹಿಂಡನ್ನು ಅರಸಿ ಕಿಲೋಮೀಟರುಗಟ್ಟಲೆ ಅಲೆಯುತ್ತದೆ. ಆಗಸ್ಟಿನಲ್ಲಿ ಕಂಡ ಗಂಡಿನ ಜಾಗವನ್ನು ನಂಬಿ ಸೆಪ್ಟೆಂಬರಿನಲ್ಲಿ ಬಂದವನಿಗೆ ಖಾಲಿ ತಗ್ಗು ಸಿಗುತ್ತದೆ. ಹೆಣ್ಣುಗಳು ಹಾಗಲ್ಲ, ಮೇವು ಮತ್ತು ನೀರು ಚೆನ್ನಾಗಿರುವ ನೆಲವನ್ನು ಹಿಮ ಬೀಳುವವರೆಗೂ ಬಿಟ್ಟು ಕದಲುವುದು ಕಡಿಮೆ. ಅವುಗಳ ನೆಲೆ ತಿಳಿದರೆ ಗಂಡು ತಾನಾಗಿ ಅಲ್ಲಿಗೆ ಬರುತ್ತದೆ.

ಸಂಜೆ ಅದೇ ದಿಣ್ಣೆಯಿಂದ, ನದಿಗೆ ಸಮೀಪದ ಎರಡು ಹುಲ್ಲಿನ ಇಳಿಜಾರುಗಳಲ್ಲಿ ಹೆಣ್ಣುಗಳು ಕಾಡಿನಿಂದ ಹೊರಬರುವುದನ್ನು ಕಂಡೆವು. ಒಂದು ಹಿಂಡು ಮೇಲಿನ ದೊಡ್ಡ ಇಳಿಜಾರಿನಲ್ಲಿ, ಇನ್ನೊಂದು ಸಣ್ಣ ಹಿಂಡು ಕೆಳಗಡೆ ಕಾಲುದಾರಿಗೆ ಹತ್ತಿರದಲ್ಲಿ.

ನಾಲ್ಕನೆಯ ದಿನ

ಹೆಣ್ಣುಗಳು ಮಲಗಲು ಹೋದ ಮೇಲೆ, ಮಧ್ಯಾಹ್ನದ ಹೊತ್ತಿನಲ್ಲಿ ಮೇಲಿನ ಇಳಿಜಾರನ್ನು ಪರೀಕ್ಷಿಸಲು ಹೊರಟೆವು. ಅವು ಮಲಗಿರುವ ಕಾಡಿನ ಕಡೆಗೆ ನಮ್ಮ ವಾಸನೆ ಹೋಗಬಾರದು. ಎಲ್ಕ್ ಕಣ್ಣಿಗೆ ಕಂಡದ್ದನ್ನು ಎರಡನೆಯ ಬಾರಿ ನೋಡಿ ಅನುಮಾನಿಸುತ್ತದೆ, ಮೂಗಿಗೆ ಬಂದ ಮನುಷ್ಯವಾಸನೆಯನ್ನು ಮಾತ್ರ ಅನುಮಾನಿಸುವುದೇ ಇಲ್ಲ. ಇಡೀ ಹಿಂಡು ಆ ಕಣಿವೆಯನ್ನೇ ತೊರೆದುಬಿಡಬಹುದು. ಬೆಟ್ಟಗಳಲ್ಲಿ ಗಾಳಿಗೆ ಒಂದು ದಿನಚರಿ ಇದೆ. ಬಿಸಿಲು ಬಿದ್ದು ನೆಲ ಕಾದಂತೆ ಗಾಳಿ ಇಳಿಜಾರಿನ ಗುಂಟ ಮೇಲಕ್ಕೇರುತ್ತದೆ, ಸೂರ್ಯ ಮರೆಯಾಗಿ ನೆಲ ತಣ್ಣಗಾದಂತೆ ಕೆಳಕ್ಕೆ ಹರಿಯುತ್ತದೆ. ಜೊತೆಗಾರರು ಪುಟ್ಟ ಪ್ಲಾಸ್ಟಿಕ್ ಶೀಶೆಯನ್ನು ಹಿಸುಕಿ ನಯವಾದ ಬಿಳಿ ಪುಡಿಯನ್ನು ಹಾರಿಸಿದರು. ಅದು ನಮ್ಮ ಮುಖದ ಮಟ್ಟದಲ್ಲಿ ಒಂದು ಕ್ಷಣ ತಡೆದು, ಮೇಲಕ್ಕೆ ಸಾಗಿ, ಒಂದು ಸೀಳುಗಣಿವೆಯ ಬಾಯಿಗೆ ಬಂದಾಗ ಹಠಾತ್ತನೆ ಎಡಕ್ಕೆ ತಿರುಗಿತು. ತೊರೆಯ ತಂಪು ಅಲ್ಲಿನ ಗಾಳಿಯನ್ನು ಹಗಲಿನಲ್ಲೂ ಕೆಳಕ್ಕೆ ಎಳೆಯುತ್ತಿತ್ತು. ಇಂಥದು ಯಾವ ನಕ್ಷೆಯಲ್ಲೂ ಇರುವುದಿಲ್ಲ. ಆ ತಿರುವನ್ನು ಬರೆದುಕೊಂಡು, ಸುತ್ತುಬಳಸಿ ಏರಿದೆವು.

ಕಾಡಿನ ಅಂಚಿನ ಜವುಗಿನಲ್ಲಿ ಕೆಸರಿನ ಹೊಂಡವೊಂದು ಸಿಕ್ಕಿತು. ಬೆದೆಯ ಕಾಲದಲ್ಲಿ ಗಂಡುಗಳು ಹೊರಳಾಡುವ ಹೊಂಡ ಅದು. ನೀರು ಇನ್ನೂ ತಿಳಿಯಾಗಿರಲಿಲ್ಲ, ಅಂಚಿನ ಕೆಸರಿನಲ್ಲಿ ಒರಟಾದ ಕಂದು ಕೂದಲು ಅಂಟಿತ್ತು, ಮೂತ್ರದ ಕಟುವಾಸನೆ ಹತ್ತು ಹೆಜ್ಜೆ ದೂರಕ್ಕೇ ಬಡಿಯುತ್ತಿತ್ತು. ಪಕ್ಕದ ಮರದ ತೊಗಟೆ ನನ್ನ ಎದೆಯ ಮಟ್ಟಕ್ಕೆ ಸುಲಿದು, ಮುಟ್ಟಿದ ಬೆರಳಿಗೆ ಅಂಟು ಹತ್ತಿತು. ಬೇಟೆಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದೆಂದು ಯಾರಿಗಾದರೂ ಅನ್ನಿಸುವಂತಿತ್ತು.

ಆಮೇಲೆ ಅಲ್ಲಿಂದ ಕಾಲುದಾರಿಗೆ ನೇರವಾಗಿ ಇಳಿದು ನೋಡಿದೆವು. ಇಳಿಯುವುದು ಅರ್ಧ ಗಂಟೆಯ ಮಾತೆಂದು ನಕ್ಷೆಯ ಗೆರೆಗಳು ಹೇಳುತ್ತಿದ್ದವು. ಉರುಳಿದ ಮರಗಳ ಮೇಲೆ ಹತ್ತಿ ಇಳಿದು, ಆಲ್ಡರ್ ಪೊದೆಗಳಲ್ಲಿ ತೂರಿ, ಎರಡು ಕಡೆ ಬಂಡೆಯ ಅಂಚಿನಿಂದ ಹಿಂತಿರುಗಿ ದಾರಿ ತಲುಪುವಾಗ ಎರಡು ಗಂಟೆಗೂ ಹೆಚ್ಚು ಹಿಡಿದಿತ್ತು, ಅದೂ ಬೆನ್ನ ಮೇಲೆ ನೀರಿನ ಬಾಟಲಿಯ ಹೊರತು ಭಾರವಿಲ್ಲದೆ. ಅಲ್ಲಿಗೆ ಕುದುರೆ ಬರಲು ಸಾಧ್ಯವೇ ಇಲ್ಲ. ಬೆಳೆದ ಗಂಡಿನ ಮೂಳೆ ಬಿಡಿಸಿದ ಮಾಂಸ 80ರಿಂದ 110 ಕಿಲೋ ಇರುತ್ತದೆ. ಒಂದು ಹೊರೆಗೆ 25 ಕಿಲೋ ಎಂದು ಹಿಡಿದರೂ ಕನಿಷ್ಠ ನಾಲ್ಕು ಹೊರೆ. ಬೆಂಚ್‌ಮಾರ್ಕ್ ಇಲ್ಲಿಗೆ 25 ಕಿಲೋಮೀಟರಿಗೆ ಕಡಿಮೆಯಿಲ್ಲ. ಕುದುರೆಗಳಿಲ್ಲದೆ ಇಬ್ಬರೇ ಅದನ್ನು ರಸ್ತೆ ಮುಟ್ಟಿಸಬೇಕೆಂದರೆ ತಲಾ ಎರಡು ಹೊರೆ. ಹೋಗಿ, ಹಿಂತಿರುಗಿ, ಮತ್ತೆ ಹೋಗುವ ಲೆಕ್ಕದಲ್ಲಿ ಒಬ್ಬೊಬ್ಬರಿಗೂ 75 ಕಿಲೋಮೀಟರ್ ನಡಿಗೆ, ಅದರಲ್ಲಿ 50 ಹೊರೆ ಹೊತ್ತು. ಸೆಪ್ಟೆಂಬರ್ ಮಧ್ಯದ ಹಗಲಿನ ಬಿಸಿಲಿನಲ್ಲಿ ಮಾಂಸಕ್ಕೆ, ಅದರಲ್ಲೂ ತೊಡೆಯ ದಪ್ಪ ಮಾಂಸಕ್ಕೆ, ಅಷ್ಟು ಕಾಲಾವಕಾಶವಿರುವುದಿಲ್ಲ. ಎಲ್ಕ್‌ನ ಚರ್ಮ ದಪ್ಪ, ಮೈಶಾಖ ಬೇಗ ಆರುವುದಿಲ್ಲ. ಚರ್ಮ ಸುಲಿದು ಮೂಳೆಯಿಂದ ಬಿಡಿಸಿ ಗಾಳಿಗೆ ತೂಗುಹಾಕುವುದು ತಡವಾದರೆ ಮೂಳೆಯ ಸುತ್ತಲಿನ ಮಾಂಸ ಮೊದಲು ಹುಳಿಯುತ್ತದೆ.

"ಕೊಂಬು ನೋಡಿ ಜಾಗ ಆರಿಸಬೇಡ. ಕುದುರೆ ನಿಲ್ಲುವ ನೆಲ ನೋಡಿ ಆರಿಸು" ಎಂದು ಜೊತೆಗಾರರು ಹೇಳಿದರು. ಅವರು ಹಾಗೆ ಹೇಳುವ ಮೊದಲೇ ನನ್ನ ಕೆಂಪು ಪೆನ್ಸಿಲು ಆ ಹೊಂಡದ ಸುತ್ತ ಗೆರೆ ಎಳೆದಾಗಿತ್ತು.

ಐದನೆಯ ದಿನ

ಕೆಳಗಿನ ಸಣ್ಣ ಇಳಿಜಾರಿನ ಕಡೆಗೆ ಹೊರಟಾಗ, ಹಕಲ್‌ಬೆರಿ ಹಣ್ಣಿನ ಪೊದೆಗಳ ನಡುವೆ ಗ್ರಿಜ್ಲಿಯೊಂದು ತಲೆ ತಗ್ಗಿಸಿ ಹಣ್ಣು ಮೇಯುತ್ತಿದ್ದುದು ಕಣ್ಣಿಗೆ ಬಿತ್ತು. ಭುಜದ ಮೇಲಿನ ಗೂನು ಸ್ಪಷ್ಟವಾಗಿತ್ತು, ಬೆನ್ನಿನ ರೋಮದ ತುದಿಗಳು ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿದ್ದವು. ಇನ್ನೂರು ಮೀಟರಿಗೂ ಹೆಚ್ಚಿನ ಅಂತರವಿದ್ದುದರಿಂದ ಬಂದ ದಾರಿಯಲ್ಲೇ ಹಿಂದೆ ಸರಿದು, ಬೇರೆ ಬದಿಯಿಂದ ಸುತ್ತಿ ಹೋದೆವು. ಸೊಂಟದಲ್ಲಿದ್ದ ಖಾರದ ಸ್ಪ್ರೇ ಡಬ್ಬಿಗೆ ಕೆಲಸ ಬರಲಿಲ್ಲ. ಅದು ಮುಟ್ಟುವುದು ಎಂಟು ಒಂಬತ್ತು ಮೀಟರು ಮಾತ್ರ, ಆದ್ದರಿಂದ ಅದು ಕೊನೆಯ ಉಪಾಯ. ಕರಡಿ ಇಲ್ಲಿದೆ ಎಂದ ಮೇಲೆ ಬೇಟೆಯ ದಿನ ಮಾಡಬೇಕಾದದ್ದೂ ಬದಲಾಗುತ್ತದೆ. ಹೊಡೆದ ಜಾಗದಲ್ಲಿ ಉಳಿಯುವ ಕರುಳಿನ ರಾಶಿಯಿಂದ ಮಾಂಸವನ್ನು ತಕ್ಷಣ ದೂರ ಸಾಗಿಸಿ, ಸುತ್ತಲೂ ಕಣ್ಣು ಹಾಯುವಂಥ ಬಯಲಿನಲ್ಲಿ ತೂಗುಹಾಕಬೇಕು. ಮತ್ತೆ ಅದನ್ನು ಒಯ್ಯಲು ಬರುವಾಗ ದೂರದಿಂದಲೇ ದುರ್ಬೀನಿನಲ್ಲಿ ನೋಡಿ, ಸದ್ದು ಮಾಡುತ್ತಾ ಬರಬೇಕು. ಸಂಜೆ ಹೊಡೆದು ಕತ್ತಲಲ್ಲಿ ಈ ಕೆಲಸವೆಲ್ಲ ಮಾಡುವುದು ಇಬ್ಬರಿಗೂ ಸರಿಕಾಣಲಿಲ್ಲ.

ಕೆಳಗಿನ ಇಳಿಜಾರಿನಲ್ಲಿ ಕೊಂಬು ತಿಕ್ಕಿದ ಮರಗಳು ಕಡಿಮೆ, ಹೊಂಡ ಒಂದೂ ಇರಲಿಲ್ಲ. ಆದರೆ ಹಿಕ್ಕೆಗಳು ಹೊಸವು ಹಳೆಯವು ಎರಡೂ ಇದ್ದು, ಹೆಣ್ಣುಗಳು ವಾರಗಟ್ಟಲೆಯಿಂದ ಇಲ್ಲಿ ಮೇಯುತ್ತಿವೆಯೆಂದು ತಿಳಿಯುತ್ತಿತ್ತು. ಮಲಗುವ ಕಾಡು ಇಳಿಜಾರಿನ ಮೇಲಂಚಿನಲ್ಲಿದ್ದು, ಬೆಳಗಿನ ತಂಪಿನಲ್ಲಿ ಗಾಳಿ ಇನ್ನೂ ಕೆಳಕ್ಕೆ ಹರಿಯುವಾಗ ನದಿಯ ಕಡೆಯಿಂದ ಏರಿ ಬಂದರೆ ವಾಸನೆ ಹಿಂಡಿಗೆ ಮುಟ್ಟುವುದಿಲ್ಲ. ಕಾಲುದಾರಿಯಿಂದ ಇಳಿಜಾರಿನ ನಡುವಿನವರೆಗೆ ಹೆಜ್ಜೆ ಎಣಿಸುತ್ತಾ ನಡೆದೆವು. ಒಂದು ಕಿಲೋಮೀಟರಿಗೂ ಕಡಿಮೆ, ಉರುಳಿದ ಮರಗಳು ಹತ್ತಕ್ಕಿಂತ ಹೆಚ್ಚಿಲ್ಲ, ಅವುಗಳನ್ನೂ ಬಳಸಿಕೊಂಡು ಹೋಗಬಹುದು. ತೊರೆಯ ಪಕ್ಕದಲ್ಲಿ ಸ್ಪ್ರೂಸ್ ಮರಗಳ ನೆರಳಿನಲ್ಲಿ ಹಗಲಿಡೀ ತಂಪಾಗಿರುವ ಒಂದು ಜಾಗವಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ಅಲ್ಲಿ ತಾಪಮಾಪಕವನ್ನು ಕಟ್ಟಿ ನೋಡಿದಾಗ ಬಯಲಿಗಿಂತ ಏಳು ಡಿಗ್ರಿ ಕಡಿಮೆ ತೋರಿಸಿತು. ಮಾಂಸ ತೂಗುಹಾಕಲು ಎರಡು ಗಟ್ಟಿ ಕೊಂಬೆಗಳನ್ನೂ ಗುರುತಿಸಿಕೊಂಡೆವು.

ಆರನೆಯ ದಿನ

ಹಿಂದಿರುಗುವ ದಾರಿಯಲ್ಲಿ ಬರೆದುಕೊಳ್ಳುವಂಥದು ಹೆಚ್ಚಿರಲಿಲ್ಲ. ಪಾಸ್ ದಾಟಿ, ಇಂಡಿಯನ್ ಪಾಯಿಂಟ್‌ನ ಬಳಿ ಒಂದು ರಾತ್ರಿ ತಂಗಿ, ಮರುದಿನ ಮಧ್ಯಾಹ್ನ ಬೆಂಚ್‌ಮಾರ್ಕ್ ತಲುಪಿದೆವು.

ಅಗಸ್ಟಾದಿಂದ, ಹೊರೆಕುದುರೆಗಳನ್ನು ಇಟ್ಟುಕೊಂಡು ಬೇಟೆಗಾರರ ಮಾಂಸ ಸಾಗಿಸಲು ಪರವಾನಗಿ ಪಡೆದಿರುವ ಒಬ್ಬರಿಗೆ ಕರೆ ಮಾಡಿ, ಕೆಳಗಿನ ಇಳಿಜಾರಿನ ಗುರುತು ಮತ್ತು ದಾರಿಯ ಸ್ಥಿತಿ ಹೇಳಿದೆವು. ಉಪಗ್ರಹ ಸಂದೇಶ ಕಳಿಸಿದ ಮರುದಿನ ಸಂಜೆಯೊಳಗೆ ಹೇಸರಗತ್ತೆಗಳೊಂದಿಗೆ ಬಂದು ತಲುಪುವುದಾಗಿ ಅವರು ಒಪ್ಪಿಕೊಂಡರು. ಅಂದರೆ ಮಾಂಸ ಒಂದೂವರೆ ದಿನ ತೊರೆಯ ನೆರಳಿನಲ್ಲಿ ತೂಗಬೇಕು. ಅದಕ್ಕೆ ತಕ್ಕಂತೆ ನಮ್ಮ ನಿರ್ಧಾರಗಳಾದವು. ಬೆಳಗಿನ ಹೊತ್ತು ಮಾತ್ರ ಗುಂಡು ಹಾರಿಸುವುದು. ಕಾಲುದಾರಿಯಿಂದ ಒಂದು ಕಿಲೋಮೀಟರಿಗಿಂತ ಆಚೆ ಯಾವ ಗಂಡು ಕಂಡರೂ ನೋಡಿ ಬಿಡುವುದು. ಒಬ್ಬರು ಹೊಡೆದ ಮೇಲೆ, ಆ ಮಾಂಸ ಹೇಸರಗತ್ತೆಯ ಬೆನ್ನೇರುವವರೆಗೆ ಇನ್ನೊಬ್ಬರ ಬಂದೂಕು ಖಾಲಿಯಾಗಿಯೇ ಇರುವುದು. ಮೂರನೆಯ ದಿನ ಸ್ಕೋಪಿನಲ್ಲಿ ಕಂಡ ಆ ಗಂಡು ಎತ್ತರದ ತಗ್ಗಿನಲ್ಲೇ ಉಳಿದರೆ ನಮ್ಮ ಪಾಲಿಗೆ ಅದು ಇಲ್ಲ. ಹೆಣ್ಣುಗಳನ್ನು ಅರಸಿ ಕೆಳಗಿನ ಇಳಿಜಾರಿಗೆ ಬಂದರೆ, ಆಗ ಯೋಚಿಸಬಹುದು. ಸೆಪ್ಟೆಂಬರ್ 12ರ ಬೆಳಗ್ಗೆ ಮತ್ತೆ ಒಳಗೆ ಹೊರಡುವುದೆಂದು ಗೊತ್ತುಮಾಡಿಕೊಂಡು, ಮಾಂಸದ ಬಟ್ಟೆಚೀಲಗಳನ್ನೂ ಇನ್ನೊಂದು ಉದ್ದ ಹಗ್ಗವನ್ನೂ ಅಲ್ಲಿಯೇ ಕೊಂಡುಕೊಂಡೆವು.